ಪೂಜೆಗೆ ಮಾತ್ರ ಹಚ್ಚಿದ ದೀಪ

"ರಾಹುಕಾಲಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ ಕಣಯ್ಯ," ಎಂದು ಚನ್ನರಾಯಪ್ಪ ಮತ್ತೊಮ್ಮೆ ಹೇಳಿದಾಗ ಕದಿರೇಶನ ಹಲ್ಲಿನ ನಡುವೆ ಇನ್ಸುಲೇಷನ್ ಟೇಪಿನ ತುದಿಯಿತ್ತು. ಉತ್ತರ ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯ ಬದಿಗೆ ಕದಿರೇಶನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಒಂದು ಶಟರು, ಒಂದು ಬೆಂಚು, ಗೋಡೆ ತುಂಬ ಮೊಳೆ, ಮೊಳೆ ತುಂಬ ವೈರಿನ ಸುರುಳಿ, ಅಷ್ಟೇ ಅಂಗಡಿ. ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ ಅವನದು. ಮೀಸೆ ಮೂಡುವ ವಯಸ್ಸಿನಲ್ಲಿ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೋಗಿ, ಅಲ್ಲಿನ ಟ್ರ್ಯಾಕ್ಟರುಗಳ ಡೈನಮೋ ಬಿಚ್ಚಿ ಕಟ್ಟಿ, ಕೈ ಸುಟ್ಟುಕೊಂಡು ಕಲಿತದ್ದು. ಚನ್ನರಾಯಪ್ಪ ನಿವೃತ್ತ ಬಸ್ ಕಂಡಕ್ಟರು. ಮನೆಯಲ್ಲಿ ಸುಮ್ಮನೆ ಕೂರಲು ಬಾರದೆ, ಬೆಳಗಾದರೆ ಈ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತು, ಬರುವ ಹೋಗುವವರ ಮೇಲೆಲ್ಲ ತನ್ನ ಹಳೆಯ ಅಧಿಕಾರ ನಡೆಸುತ್ತಿದ್ದ.

ಅಂಗಡಿಯ ಮುಂದೆ ನಿಂತಿದ್ದ ಗಾಡಿ ಮೌನಿಕಾಳದು. ಕೋಲಾರದ ಶೋರೂಮಿನಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಎತ್ತರದ, ಕಪ್ಪನೆಯ, ಮುಟ್ಟಿದರೆ ಬೆರಳಿನ ಗುರುತು ಬೀಳುವಂಥ ಮೋಟಾರ್ ಸೈಕಲ್ಲು. ಮೌನಿಕಾ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ, ಹಳ್ಳಿಯವರ ಬಾಯಲ್ಲಿ ಡಾಕ್ಟ್ರಮ್ಮ. ಹಸುಗಳು ಹೊತ್ತು ನೋಡಿ ಈಯುವುದಿಲ್ಲವಲ್ಲ. ಸಂಜೆಯಾದ ಮೇಲೂ ಕೆರೆ ಏರಿಗಳ ಮೇಲೆ, ನೀಲಗಿರಿ ತೋಪುಗಳ ನಡುವೆ ಅವಳ ಓಡಾಟ. ಹಳೆಯ ಸ್ಕೂಟರು ದಾರಿಯಲ್ಲಿ ಕೈಕೊಟ್ಟು ಕೊಟ್ಟು ಸಾಕಾಗಿ ಈ ಗಾಡಿ ಬೇಕೆಂದಾಗ, ಅವಳ ತಾಯಿ ಅನಸೂಯಮ್ಮ ಊಟ ಬಿಟ್ಟು ಕೂತಿದ್ದಳು. ಒಪ್ಪಿಸಿದವನು ಕದಿರೇಶ. ಎರಡು ಮನೆಗೂ ಕಾಂಪೌಂಡ್ ಗೋಡೆ ಒಂದೇ. ಆ ಗೋಡೆಯ ಮೇಲೆ ಮೊಣಕೈ ಊರಿ ಮಾತು ಕೊಟ್ಟಿದ್ದ.

"ಅನಸೂಯಕ್ಕ, ಕತ್ಲೆ ತಾನೆ ನಿಮ್ ಭಯ? ಜೋಡಿ ಫಾಗ್ ಲೈಟು ಹಾಕ್ಕೊಡ್ತೀನಿ. ರಸ್ತೇನ ಹಗಲು ಮಾಡ್ಬಿಡ್ತೀನಿ. ಅವ್ಳ ಗಾಡಿಗೆ ನಾನಿದೀನಿ."

"ಗಾಡಿ ನಂಬಿ ಒಪ್ತಾ ಇಲ್ಲ ಕದಿರೇಶ," ಎಂದಿದ್ದಳು ಆಕೆ. "ನಿನ್ ನಂಬಿ ಒಪ್ತಾ ಇದೀನಿ. ಅದು ಜ್ಞಾಪಕ ಇರ್ಲಿ."

ಈಗ ಅನಸೂಯಮ್ಮ ಅರಿಶಿನ ಕುಂಕುಮ, ಸೇವಂತಿಗೆ ಹಾರ, ತೆಂಗಿನಕಾಯಿ, ನಿಂಬೆಹಣ್ಣು ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಬಂದು ನಿಂತಿದ್ದಳು. ದೀಪಗಳು ಗಾಡಿಯ ಮುಂದಿನ ಕಂಬಿಗೆ ಎರಡು ಕಣ್ಣಿನ ಹಾಗೆ ಕೂತಿದ್ದವು. ಸ್ವಿಚ್ಚು ಹ್ಯಾಂಡಲಿಗೆ ಬಂದಿತ್ತು. ಬಾಕಿ ಉಳಿದದ್ದು ರಿಲೇ ಒಂದೇ.

ಈ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಕಾಲದ ಗಾಡಿಗಳಾದರೆ ಯಾವ ವೈರಿನಿಂದ ಕರೆಂಟು ಎಳೆದುಕೊಂಡರೂ ಹೇಗೋ ನಡೆಯುತ್ತಿತ್ತು. ಈ ಗಾಡಿಯಲ್ಲಿ ಹೆಡ್‌ಲೈಟು, ಮೀಟರು, ಎಂಜಿನ್ನಿಗೆ ಪೆಟ್ರೋಲು ತಳ್ಳುವ ಪಂಪು ಎಲ್ಲವೂ ಒಂದೇ ಫ್ಯೂಸಿನ ಹಿಂದೆ ನಿಂತಿದ್ದವು. ಆ ಫ್ಯೂಸಿನ ಮೇಲೆ ಜೋಡಿ ದೀಪದ ಭಾರವನ್ನೂ ಹೇರಬಾರದು. ದೀಪಕ್ಕೆ ಬ್ಯಾಟರಿಯಿಂದ ಬೇರೆಯದೇ ವೈರು ಬರಬೇಕು, ಅದಕ್ಕೆ ಬೇರೆ ಫ್ಯೂಸು, ನಡುವೆ ರಿಲೇ ಅನ್ನುವ ಕಪ್ಪು ಡಬ್ಬಿ. ಗಾಡಿಯ ವೈರು ಆ ಡಬ್ಬಿಗೆ ಬರೀ ಸನ್ನೆ ಮಾಡುತ್ತದೆ. ಭಾರ ಹೊರುವುದೆಲ್ಲ ಬ್ಯಾಟರಿಯ ವೈರು. ಇದೆಲ್ಲ ಕದಿರೇಶನಿಗೆ ಗೊತ್ತಿಲ್ಲದ್ದಲ್ಲ. ಸೀಟಿನ ಕೆಳಗೆ ರಿಲೇ ಕೂರಿಸುವ ಪಟ್ಟಿಯ ತೂತು ಅಳತೆಗೆ ಬರದೆ ತಡವಾಗಿತ್ತು, ಅಷ್ಟೇ.

"ಒಂದರ್ಧ ಗಂಟೆ ಅಕ್ಕ," ಎಂದ ಟೇಪು ಉಗಿದು.

"ಅರ್ಧ ಗಂಟೆಗೆ ರಾಹು ಬಂದು ಸೀಟ್ ಮೇಲೆ ಕೂತಿರ್ತಾನೆ," ಚನ್ನರಾಯಪ್ಪ ಕೈಗಡಿಯಾರ ತಟ್ಟಿದ. "ಭಾನುವಾರ ನಾಲ್ಕೂವರೆ. ಅಷ್ಟರೊಳಗೆ ಚಕ್ರ ಉರುಳ್ಬೇಕು. ಹೊರಟ ಗಾಡಿಗೆ ರಾಹುಕಾಲ ಇಲ್ಲ, ನಿಂತ ಗಾಡಿಗೆ ಉಂಟು. ಸರ್ವೀಸ್‌ನಲ್ಲಿದ್ದಾಗ ಬಸ್ಸನ್ನೇ ಹಂಗೆ ಬಿಡ್ತಿದ್ದೋನು ನಾನು."

"ಅದಕ್ಕೇ ನಿಮ್ ಬಸ್ಸು ಯಾವತ್ತೂ ಟೈಮಿಗೆ ಬರ್ತಿರ್ಲಿಲ್ಲ," ಎಂದಳು ಮೌನಿಕಾ, ಹೆಲ್ಮೆಟ್ಟಿನ ಪ್ಲಾಸ್ಟಿಕ್ ಕವರು ಕೀಳುತ್ತ.

"ನಗಾಡ್ಬೇಡ ಕಣೇ. ದೊಡ್ಡೋರು ಹೇಳೋದು ಸುಮ್ನೆ ಅಲ್ಲ," ಎಂದು ಅನಸೂಯಮ್ಮ ಕದಿರೇಶನ ಕಡೆ ತಿರುಗಿದಳು. "ಲೈಟ್ ಉರೀದೆ ನಾನ್ ಹೆಂಗಪ್ಪ ಮಂಗಳಾರತಿ ಎತ್ಲಿ? ಈ ಗಾಡಿಗೆ ಪೂಜೆ ಮಾಡ್ತಿರೋದೇ ಆ ಲೈಟ್ ನೋಡಿ."

ಕದಿರೇಶ ಒಮ್ಮೆ ಆಕೆಯ ಮುಖ ನೋಡಿದ, ಒಮ್ಮೆ ಚನ್ನರಾಯಪ್ಪನ ಗಡಿಯಾರ ನೋಡಿದ. ಆಮೇಲೆ ಬಗ್ಗಿ, ಹೆಡ್‌ಲೈಟಿನ ವೈರನ್ನು ಸ್ವಲ್ಪ ಕೆರೆದು, ದೀಪದ ವೈರನ್ನು ಅದಕ್ಕೇ ನೇರವಾಗಿ ಹೊಸೆದು, ಮೇಲೆ ಟೇಪು ಸುತ್ತಿದ. ಇದು ಪೂಜೆಗೆ ಮಾತ್ರ ಎಂದುಕೊಂಡ. ಮಂಗಳಾರತಿ ಮುಗಿದ ಮೇಲೆ ಬಿಚ್ಚಿ ರಿಲೇ ಕೂರಿಸಿದರಾಯಿತು. ಇಂಥ ಪೂಜೆಗೆ ಮಾತ್ರದ ಜೋಡಣೆಗಳನ್ನು ಅವನು ಎಷ್ಟೋ ಮಾಡಿದ್ದ. ಆಯುಧಪೂಜೆಯ ದಿನವಂತೂ ಕೆಟ್ಟ ಲಾರಿಗಳಿಗೆಲ್ಲ ಬರೀ ಹಾರನ್ನು ಕೂಗುವಷ್ಟು, ದೀಪ ಮಿನುಗುವಷ್ಟು ಜೀವ ತುಂಬಿ ಕಳಿಸುತ್ತಿದ್ದ.

ಸ್ವಿಚ್ಚು ಒತ್ತಿದಾಗ ಆ ಮಧ್ಯಾಹ್ನದ ಬಿಸಿಲಲ್ಲೂ ಎದುರು ಗೋಡೆ ಬೆಳ್ಳಗಾಯಿತು. ಅನಸೂಯಮ್ಮನ ಮುಖ ಅದಕ್ಕಿಂತ ಬೆಳ್ಳಗಾಯಿತು. ಆರತಿ ಆಯಿತು, ಕಾಯಿ ಒಡೆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದೇ ತಡ, ಚನ್ನರಾಯಪ್ಪ "ಹೊರಡು ಹೊರಡು, ತಿರುಗಿ ನೋಡ್ದೆ ಆಂಜನೇಯನ ಗುಡಿ ತಂಕ ಹೋಗ್ಬಾ" ಎಂದು ಕೈ ಬೀಸಿದ. ನಿಂಬೆಹಣ್ಣು ಪಟ್ಟೆಂದು ಚಪ್ಪಟೆಯಾಯಿತು. ಗಾಡಿ ರಸ್ತೆಗಿಳಿಯಿತು.

"ಗುಡಿಯಿಂದ ಸೀದಾ ಇಲ್ಲಿಗ್ ಬಾ ಮೌನಿಕಾ, ಒಂದ್ ಕೆಲ್ಸ ಬಾಕಿ ಇದೆ," ಎಂದು ಕದಿರೇಶ ಕೂಗಿದ. ಬಾಯಿ ತುಂಬ ತೆಂಗಿನಕಾಯಿ ಇತ್ತು. ಅವಳ ತಲೆಯ ಮೇಲೆ ಹೆಲ್ಮೆಟ್ಟಿತ್ತು. ಅವಳು ಕೈ ಎತ್ತಿದ್ದನ್ನು ಅವನು ಸರಿ ಅಂದಳು ಎಂದು ತಿಳಿದ.

ಅಷ್ಟರಲ್ಲಿ ಟೊಮೇಟೊ ಕ್ರೇಟು ತುಂಬಿದ ಲಾರಿಯೊಂದು ಇಂಡಿಕೇಟರು ಸತ್ತು ಬಂದು ನಿಂತಿತು. ಡ್ರೈವರಿಗೆ ಮಂಡಿಯ ಅವಸರ. ಕದಿರೇಶ ಲಾರಿಯಡಿಗೆ ನುಸುಳಿದವನು, ತುಕ್ಕು ಹಿಡಿದ ಜಾಯಿಂಟುಗಳ ಜೊತೆ ಗುದ್ದಾಡುತ್ತ ಹೊತ್ತು ಹೋದದ್ದೇ ತಿಳಿಯದೆ, ಕೊನೆಗೆ ಬೆನ್ನು ಹಿಡಿದುಕೊಂಡು ಹೊರಗೆ ಬಂದಾಗ ಬಿಸಿಲು ಹೋಗಿತ್ತು. ಪಡುವಣದಲ್ಲಿ ಕೆಂಪು ಮಾತ್ರ ಇತ್ತು. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಬೆಂಚಿನ ಮೇಲೆ ಕೈಯಾಡಿಸಿದ.

ಬಟ್ಟೆಯ ಕೆಳಗೆ ರಿಲೇ ಇತ್ತು. ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

"ಚನ್ರಾಯಣ್ಣ, ಮೌನಿಕಾ ಬಂದಿದ್ಲಾ?"

"ಎಲ್ಲಿ ಬಂದ್ಲು? ನಾನೂ ಕಾಯ್ತಾ ಇದೀನಿ, ಗುಡಿ ಪ್ರಸಾದ ತರ್ತಾಳೇನೋ ಅಂತ."

ಕದಿರೇಶ ಫೋನು ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ನಿಂತಿತು. ಮತ್ತೆ ಮಾಡಿದ. ಗಾಡಿ ಓಡಿಸುವಾಗ ಅವಳು ಫೋನು ಬ್ಯಾಗಿನಲ್ಲಿಡುತ್ತಾಳೆ, ಎತ್ತುವುದಿಲ್ಲ. ಹಾಗೆ ಎತ್ತಬಾರದು ಎಂದು ಗದರಿಸಿ ಕಲಿಸಿದವನು ತಾನೇ. ಕೊನೆಗೆ ಅನಸೂಯಮ್ಮನಿಗೆ ಮಾಡಿದ.

"ಅಕ್ಕ, ಮೌನಿಕಾ ಮನೇಲಿದಾಳಾ?"

"ಅಯ್ಯೋ ಎಲ್ಲಿ ಮನೆ. ಗುಡಿ ಹತ್ರನೇ ಫೋನ್ ಬಂತಂತೆ. ದಿನ್ನೇಪಲ್ಲಿ ಮುನಿಯಲ್ಲಮ್ಮನ ಹಸು ಕರು ಹಾಕೋಕಾಗ್ದೆ ಒದ್ದಾಡ್ತಿದ್ಯಂತೆ. ಭಾನುವಾರ, ಆಸ್ಪತ್ರೆ ಬೀಗ ತೆಗ್ಸೋದ್ರಲ್ಲೇ ಹೊತ್ತಾಯ್ತು, ಸಾಮಾನು ತಗೊಂಡು ಹೊರಟೆ ಅಂತ ಈಗ ತಾನೆ ಹೇಳಿದ್ಲು. ಯಾಕಪ್ಪ?"

ಹೇಳಿಬಿಡಬೇಕು ಅನ್ನಿಸಿತು ಕದಿರೇಶನಿಗೆ. ಹೇಳಿದರೆ ಆಕೆ ಅಲ್ಲಿ ಒಬ್ಬಳೇ ಕೂತು ಏನು ಮಾಡಬೇಕು?

"ಏನಿಲ್ಲ ಅಕ್ಕ. ಲೈಟ್ ಹೆಂಗಿದೆ ಕೇಳಾಣ ಅಂತ."

"ಚೆನ್ನಾಗೇ ಇರುತ್ತೆ ಬಿಡು. ನಾನಂತೂ ಇವತ್ತು ಧೈರ್ಯವಾಗಿ ಕೂತಿದೀನಿ," ಎಂದು ಆಕೆ ಫೋನಿಟ್ಟಳು.

ಆ ಮಾತು ಕೇಳಿದ ಮೇಲೆ ಕದಿರೇಶ ಶಟರು ಎಳೆಯಲೂ ನಿಲ್ಲಲಿಲ್ಲ. ತನ್ನ ಹಳೆಯ ಗಾಡಿಯನ್ನು ಒದ್ದು ಸ್ಟಾರ್ಟ್ ಮಾಡಿದ. ಚನ್ನರಾಯಪ್ಪ ಏನೆಂದು ಕೇಳಲಿಲ್ಲ. ಅವನ ಮುಖ ನೋಡಿ, ಪಂಚೆ ಎತ್ತಿಕಟ್ಟಿ ಹಿಂದೆ ಹತ್ತಿದ. ಊರಿನ ದೀಪಗಳು ಹಿಂದೆ ಬಿದ್ದ ಮೇಲೆ ಕೇಳಿದ.

"ಏನಯ್ಯಾ ಆಯ್ತು?"

"ಪೂಜೆಗೆ ಅಂತ ಲೈಟ್ ಡೈರೆಕ್ಟ್ ಕೊಟ್ಟಿದ್ದೆ. ಬಿಚ್ಲೇ ಇಲ್ಲ."

"ಉರೀತಲ್ಲ ಚೆನ್ನಾಗಿ?"

"ಉರಿಯುತ್ತೆ. ಫ್ಯೂಸ್ ತಕ್ಷಣ ಹೋಗಲ್ಲ ಚನ್ರಾಯಣ್ಣ. ಬಿಸಿಯಾಗುತ್ತೆ, ಇನ್ನೂ ಬಿಸಿಯಾಗುತ್ತೆ, ತಡ್ಕೊಳ್ಳುತ್ತೆ, ಆಮೇಲೆ ಹೋಗುತ್ತೆ. ಹೋದ್ರೆ ಫಾಗ್ ಲೈಟ್ ಒಂದೇ ಅಲ್ಲ. ಹೆಡ್‌ಲೈಟು, ಎಂಜಿನ್ನು, ಹಾರನ್ನು, ಎಲ್ಲಾ. ಓಡ್ತಾ ಓಡ್ತಾ ಗಾಡಿ ಕುರುಡಾಗೋಗುತ್ತೆ."

"ಎಷ್ಟೊತ್ತು ತಡ್ಕೊಳ್ಳುತ್ತೆ?"

"ಅದಕ್ಕೆ ಯಾರು ಹೇಳೋರು."

ಚನ್ನರಾಯಪ್ಪ ಮುಂದಿನ ದಾರಿ ಇಣುಕಿದ.

"ದಿನ್ನೇಪಲ್ಲಿಗೆ ಏರಿ ಮೇಲೆ ತಾನೆ ಹೋಗ್ಬೇಕು," ಎಂದ.

"ಗೊತ್ತು."

"ಆ ಏರಿ ಅಂಚಿಗೆ ತಡೆಗೋಡೆ ಇಲ್ಲ. ನಡುವೆ ತಿರುವು. ಈ ವರ್ಷ ಕೆರೆ ತುಂಬಿದೆ. ನಾನ್ ಸರ್ವೀಸಲ್ಲಿದ್ದಾಗ ಡ್ರೈವರ್‌ಗಳು ಅಲ್ಲಿ..."

"ಗೊತ್ತು ಅಂದ್ನಲ್ಲ."

"ನಂಗ್ಯಾಕಯ್ಯ ರೇಗ್ತೀಯ? ನಾನೇನ್ ವೈರ್ ಹೊಸ್ದ್ನಾ?"

"ರಾಹು ರಾಹು ಅಂತ ತಲೆ ತಿಂದೋರ್ ಯಾರು?"

"ರಾಹು ನಿನ್ ಕೈ ಹಿಡ್ಕೊಂಡು ಹೊಸ್ಸಿದ್ನಾ?"

ಕದಿರೇಶ ಕಣ್ಣು ರಸ್ತೆಗೆ ನೆಟ್ಟ. ರಸ್ತೆಯ ಎರಡು ಬದಿಯ ನೀಲಗಿರಿ ತೋಪು ಇದ್ದ ಬೆಳಕನ್ನೂ ಕುಡಿಯುತ್ತಿತ್ತು. ಊರಿನ ಗಾಡಿಗಳಿಗೆಲ್ಲ ಬೆಳಕು ಕೊಡುವವನ ಸ್ವಂತ ಗಾಡಿಯ ದೀಪ ಬೀಡಿಯ ತುದಿಯಷ್ಟು ಕೆಂಪಗೆ ಉರಿಯುತ್ತಿತ್ತು. ಅದರಲ್ಲಿ ಗುಂಡಿ ಕಾಣುವುದು ಗುಂಡಿಗೆ ಬಿದ್ದ ಮೇಲೆಯೇ. ಎದುರಿನಿಂದ ಗಾಡಿ ಬಂದಾಗಲೆಲ್ಲ ಕಣ್ಣು ಕಿರಿದು ಮಾಡಿ, ರಸ್ತೆಯಂಚಿನ ಬಿಳಿ ಗೆರೆ ಹಿಡಿದು ಓಡಿಸಿದ. ಆಕಾಶ ನೋಡಿದರೆ ಕೆಂಪು ಮಾಸಿ ಬೂದಿಯಾಗಿತ್ತು. ಇಷ್ಟು ಹೊತ್ತಿಗೆ ಅವಳು ಸ್ವಿಚ್ಚು ಒತ್ತಿರುತ್ತಾಳೆ. ಹೊಸ ದೀಪ ಕೊಂಡವರು ಯಾರು ತಾನೆ ಪೂರಾ ಕತ್ತಲಾಗಲಿ ಎಂದು ಕಾಯುತ್ತಾರೆ?

"ಫೋನ್ ಮಾಡ್ತಾ ಇರಿ," ಎಂದ.

"ಮಾಡ್ತಾನೇ ಇದೀನಿ. ವ್ಯಾಪ್ತಿ ಪ್ರದೇಶದ ಹೊರಗಿದಾರೆ ಅಂತಾಳೆ." ಚನ್ನರಾಯಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಹೆಸರು ಸರಿಸಿದ. "ತಾಳು. ಮುನಿಯಲ್ಲಮ್ಮನ ಮಗ ಭೀಮರಾಜ್ ನಂಬರ್ ಇದೆ ನನ್ ಹತ್ರ. ಆ ಕಡೆಯಿಂದ ಯಾರಾದ್ರೂ ಟಾರ್ಚ್ ಹಿಡ್ದು ಏರಿ ತಂಕ ಬಂದ್ರೆ, ಅವ್ಳನ್ನ ನಿಲ್ಲಿಸ್ಬೋದು."

ಕದಿರೇಶನಿಗೆ ಮೊದಲ ಸಲ ಉಸಿರು ಸರಿಯಾಗಿ ಬಂತು. "ಮಾಡಿ, ಮಾಡಿ."

ಫೋನು ಎತ್ತಿದ್ದು ಮಗನಲ್ಲ, ಮುನಿಯಲ್ಲಮ್ಮ. ಆಕೆಯ ದನಿ ಗಾಳಿಯ ಸದ್ದನ್ನೂ ಎಂಜಿನ್ನಿನ ಸದ್ದನ್ನೂ ದಾಟಿ ಕದಿರೇಶನ ಕಿವಿಗೇ ಬಿತ್ತು.

"ಎಕ್ಕಡಪ್ಪಾ, ಎಲ್ಲಿ ನಿಮ್ ಡಾಕ್ಟ್ರಮ್ಮ? ಹಸು ನೆಲ ಹಿಡ್ದಿದೆ. ಕರು ಕಾಲು ಒಂದೇ ಆಚೆ ಬಂದಿದೆ."

"ಬರ್ತಾವ್ಳೆ ಅಮ್ಮ. ಏರಿ ಹತ್ರ ಯಾರನ್ನಾದ್ರೂ ಕಳ್ಸು. ಗಾಡಿ ಲೈಟ್ ಕೆಟ್ಟೋಗ್ಬೋದು ಅವಳದು. ನಿಲ್ಸಿ, ನಡೆಸ್ಕೊಂಡು ಕರ್ಕೊಂಡೋಗ್ಲಿ."

"ನಡ್ಕೊಂಡ್ ಬಂದ್ರೆ ನನ್ ಹಸು ಕಾಯುತ್ತಾ? ಭೀಮನ್ನ ಟ್ರ್ಯಾಕ್ಟರ್ ತಗೊಂಡು ಈಗ್ಲೇ ಎದುರಿಗೆ ಹೋಗು ಅಂತೀನಿ."

"ಟ್ರ್ಯಾಕ್ಟರ್ ಬೇಡ ಅನ್ನಿ," ಕದಿರೇಶ ತಲೆ ಹಿಂದಕ್ಕೆ ತಿರುಗಿಸಿ ಕೂಗಿದ. "ಏರಿ ಮೇಲೆ ಎರಡು ಗಾಡಿಗೆ ಜಾಗ ಇಲ್ಲ. ಅವ್ಳು ಕುರುಡಾಗಿ ಹೋಗಿ ಅದಕ್ಕೇ..."

"ಅಮ್ಮಾ, ಟ್ರ್ಯಾಕ್ಟರ್ ಬೇಡ. ಅಮ್ಮಾ?" ಚನ್ನರಾಯಪ್ಪ ಫೋನು ಕಿವಿಯಿಂದ ತೆಗೆದು ನೋಡಿದ. "ಕಟ್ಟಾಯ್ತು."

ಮತ್ತೆ ಮಾಡಿದ. ನೆಟ್‌ವರ್ಕ್ ಇರಲಿಲ್ಲ. ದಿನ್ನೇಪಲ್ಲಿಯ ಗುಡ್ಡದ ಮರೆಗೆ ಬಂದಿದ್ದರು. ಆ ಗುಡ್ಡದ ಬಳಿ ಫೋನು ಸಾಯುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಹೊಳೆದಿರಲಿಲ್ಲ.

ಮೊದಲಿದ್ದ ಅಪಾಯದ ಎದುರಿಗೆ ಈಗ ಕದಿರೇಶ ತಾನೇ ಇನ್ನೊಂದನ್ನು ಕಳಿಸಿದ್ದ. ರಿಲೇ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. ಅದನ್ನೇಕೆ ಜೇಬಿಗೆ ಹಾಕಿಕೊಂಡು ಬಂದನೋ ಅವನಿಗೇ ತಿಳಿಯದು. ಗಾಡಿಯ ಕಿವಿ ಪೂರ್ತಿ ತಿರುಚಿದ. ಅದು ಕೆಮ್ಮಿತು, ನರಳಿತು, ಇದ್ದ ವೇಗಕ್ಕಿಂತ ಹೆಚ್ಚೇನೂ ಕೊಡಲಿಲ್ಲ.

ದಿನ್ನೆ ಹತ್ತಿದ ಕೂಡಲೇ ಕೆಳಗೆ ಕೆರೆ ಕಾಣಿಸಿತು. ಕಾಣಿಸಿತು ಅಂದರೆ, ಅಲ್ಲಿ ಆಕಾಶದ ಬೂದು ಬಣ್ಣ ನೆಲದ ಮೇಲೆ ಬಿದ್ದಿತ್ತು. ಅದರ ಅಂಚಿಗೆ ಏರಿ ಕಪ್ಪಗೆ ಬಿಲ್ಲಿನಂತೆ ಬಾಗಿತ್ತು. ಆ ಬಿಲ್ಲಿನ ಮೇಲೆ ಎರಡು ಬೆಳ್ಳನೆಯ ದೀಪ ಒಟ್ಟಿಗೆ ಹೋಗುತ್ತಿದ್ದವು.

"ಅಗೋ ಅವ್ಳು," ಎಂದ ಚನ್ನರಾಯಪ್ಪ. "ಉರೀತಿದೆ ಕಣಯ್ಯ. ಇನ್ನೂ ಉರೀತಿದೆ."

ಎಂಥ ಬೆಳಕು ಅದು. ಏರಿಯ ಮೇಲಿನ ಒಂದೊಂದು ಕಲ್ಲೂ, ಅಂಚಿನ ಜಾಲಿಯ ಒಂದೊಂದು ಕಡ್ಡಿಯೂ ಇಷ್ಟು ದೂರಕ್ಕೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಕದಿರೇಶ ಗಾಡಿ ನಿಲ್ಲಿಸಿ ತನ್ನ ಕೆಲಸವನ್ನು ನೋಡಿ ಹಿಗ್ಗುತ್ತಿದ್ದ. ಈಗ ಹಾರನ್ನು ಒತ್ತಿದ, ಒತ್ತುತ್ತಲೇ ಇದ್ದ. ಅಷ್ಟು ದೂರಕ್ಕೆ ಅದು ಜೀರುಂಡೆಯ ಸದ್ದು. ತನ್ನ ಹೆಡ್‌ಲೈಟನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ ಮಾಡಿದ. ಅವಳು ಮುಂದೆ ನೋಡಿ ಹೋಗುತ್ತಿದ್ದಳು. ಹಿಂದೆ ಮಿನುಗುವ ಬೀಡಿಯ ತುದಿಯನ್ನು ಏಕೆ ನೋಡುತ್ತಾಳೆ?

ಏರಿಯ ಆ ತುದಿಯಿಂದ ಹಳದಿ ದೀಪವೊಂದು ಕುಲುಕುತ್ತ ಒಳಗೆ ಬಂತು. ಒಂದೇ ಕಣ್ಣಿನ ಟ್ರ್ಯಾಕ್ಟರು.

"ಭೀಮ, ಅಲ್ಲೇ ನಿಂತ್ಕೊಳೋ," ಎಂದು ಚನ್ನರಾಯಪ್ಪ ತನ್ನಷ್ಟಕ್ಕೆ ಎಂಬಂತೆ ಹೇಳಿದ. ಅವನ ಕೈ ಕದಿರೇಶನ ಭುಜವನ್ನು ಹಿಂಡುತ್ತಿತ್ತು.

ಬಿಳಿಯ ದೀಪಗಳು ತಿರುವಿಗೆ ಹತ್ತಿರವಾದವು. ಹಳದಿಯದೂ ಹತ್ತಿರವಾಯಿತು. ಬಿಳಿಯವು ತಿರುವಿನ ಕಡೆ ಬಾಗತೊಡಗಿದವು.

ಆರಿಹೋದವು.

ಮಿನುಗಲಿಲ್ಲ, ಮಂಕಾಗಲಿಲ್ಲ. ಇದ್ದವು, ಇಲ್ಲವಾದವು. ಅಲ್ಲಿದ್ದ ಕಲ್ಲು, ಜಾಲಿ, ರಸ್ತೆ ಎಲ್ಲ ಒಟ್ಟಿಗೆ ಕತ್ತಲೊಳಗೆ ಬಿದ್ದವು. ಹಳದಿ ದೀಪ ಮಾತ್ರ ಇನ್ನೂ ಒಂದಿಷ್ಟು ಮುಂದೆ ಬಂದು, ಜೋರಾಗಿ ಕುಲುಕಿ ನಿಂತಿತು. ಆಮೇಲೆ ಬಹಳ ತಡವಾಗಿ, ನೀರಿನ ಮೇಲಿನಿಂದ ಸದ್ದು ಬಂತು: ಚಕ್ರ ಕಲ್ಲಿನ ಮೇಲೆ ಜಾರಿದ್ದು, ಕಬ್ಬಿಣ ಉಜ್ಜಿದ್ದು. ಕದಿರೇಶ ಇನ್ನೊಂದು ಸದ್ದಿಗೆ ಕಿವಿಗೊಟ್ಟ. ನೀರಿಗೆ ಏನಾದರೂ ಬಿದ್ದ ಸದ್ದು. ಅದು ಬರಲಿಲ್ಲ. ಬಂದರೂ ತನ್ನ ಎಂಜಿನ್ನಿನ ಗದ್ದಲದಲ್ಲಿ ಕೇಳಿಸುತ್ತಿತ್ತೇ?

ದಿನ್ನೆ ಇಳಿದದ್ದು, ಏರಿ ಹತ್ತಿದ್ದು ಅವನಿಗೆ ಆಮೇಲೆ ನೆನಪಿರಲಿಲ್ಲ. ಟ್ರ್ಯಾಕ್ಟರಿನ ಬೆಳಕಿನಲ್ಲಿ ಮೊದಲು ಕಂಡದ್ದು ರಸ್ತೆಗೆ ಅಡ್ಡಲಾಗಿ ಎಳೆದ ಕಪ್ಪು ಗೀರು. ಗೀರು ಗದ್ದೆಯ ಕಡೆಯ ಅಂಚಿನವರೆಗೆ ಹೋಗಿ ನಿಂತಿತ್ತು. ಅಲ್ಲಿ ಜಾಲಿಯ ಪೊದೆಯೊಳಗೆ ಹೊಸ ಗಾಡಿ ಅಡ್ಡಬಿದ್ದು, ಮುಂದಿನ ಚಕ್ರ ಗಾಳಿಯಲ್ಲಿ ತೂಗುತ್ತಿತ್ತು.

"ಮೌನಿಕಾ," ಎಂದು ಕೂಗಿದ.

"ಇಲ್ಲಿದೀನಿ."

ಟ್ರ್ಯಾಕ್ಟರಿನ ಹಿಂದೆ ನೆಲದ ಮೇಲೆ ಕೂತಿದ್ದಳು. ಹೆಲ್ಮೆಟ್ಟು ತೆಗೆದಿದ್ದಳು. ಅಂಗಿಯ ಎಡತೋಳು ಮೊಣಕೈಯಿಂದ ಕೆಳಗೆ ಹರಿದು, ಒಳಗೆ ಚರ್ಮವೂ ಹರಿದಿತ್ತು. ಬಲಗೈಯಲ್ಲಿ ಔಷಧದ ಪೆಟ್ಟಿಗೆಯನ್ನು ಮಡಿಲಿಗೆ ಒತ್ತಿ ಹಿಡಿದು, ಒಳಗಿನ ಸೀಸೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಪಕ್ಕದಲ್ಲಿ ಭೀಮರಾಜ್ ನಿಂತಿದ್ದ.

"ನಾನೇನೂ ಮಾಡ್ಲಿಲ್ಲ ಅಣ್ಣ," ಎಂದ ಅವನು 'ನಂಬಿ' ಎನ್ನುವವನ ಹಾಗೆ. "ಲೈಟ್ ಬರ್ತಾ ಇತ್ತು, ನೋಡ್ತಾ ನೋಡ್ತಾ ಇಲ್ಲ. ಬ್ರೇಕ್ ಮೇಲೆ ನಿಂತ್ಬಿಟ್ಟೆ."

"ಅವನದೇನಿಲ್ಲ," ಎಂದಳು ಮೌನಿಕಾ. "ನಿಲ್ಸಿದ್ದಕ್ಕೇ ನಾನಿದೀನಿ. ಕದಿರೇಶಣ್ಣ, ನೀವ್ ಹೆಂಗ್ ಬಂದ್ರಿ ಇಲ್ಲಿಗೆ? ನಾನೇ ಏನೋ ತಪ್ಪು ಒತ್ತಿರ್ಬೇಕು. ಹೊಸ ಗಾಡಿ, ಯಾವ್ ಬಟನ್ ಏನು ಅಂತ ಇನ್ನೂ ಕೈಗೆ ಬಂದಿಲ್ಲ."

ಚನ್ನರಾಯಪ್ಪ ಕದಿರೇಶನ ಕಡೆ ನೋಡಿದ. ಆ ನೋಟದಲ್ಲಿ 'ಅವಳೇ ಹೇಳ್ತಿದಾಳಲ್ಲ, ಬಿಡು' ಎಂದಿತ್ತು. ಕದಿರೇಶ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನೀನು ಏನೂ ತಪ್ಪು ಒತ್ಲಿಲ್ಲ. ಪೂಜೆಗೆ ಅಂತ ವೈರು ನೇರ ಹೊಸೆದಿದ್ದೆ. ರಿಲೇ ಹಾಕ್ಲೇ ಇಲ್ಲ. ನೆನಪಾದಾಗ ನೀನು ಹೊರಟೋಗಿದ್ದೆ."

ಮೌನಿಕಾ ಅವನನ್ನೇ ನೋಡಿದಳು.

"ನಿಮ್ಗೆ ಗೊತ್ತಿತ್ತಾ? ಹೊಸೆಯೋವಾಗ್ಲೇ ಗೊತ್ತಿತ್ತಾ, ಹಿಂಗಾಗುತ್ತೆ ಅಂತ?"

"ಗೊತ್ತಿತ್ತು."

ದೂರದಲ್ಲಿ ಊರಿನ ಕಡೆಯಿಂದ ಹಸು ಕೂಗಿತು. ಉದ್ದಕ್ಕೆ, ಕೊನೆಗೆ ಬಿಕ್ಕಿದಂತೆ. ಮೌನಿಕಾ ಎದ್ದಳು. ಎದ್ದಾಗ ತೂರಾಡಿದಳು, ಕದಿರೇಶ ಕೈ ಚಾಚಿದ, ಅವಳು ಹಿಡಿಯಲಿಲ್ಲ. ಭೀಮರಾಜನ ಭುಜ ಹಿಡಿದು ಟ್ರ್ಯಾಕ್ಟರು ಹತ್ತಿದಳು.

"ಕೈ ಕಟ್ಕೊಳಮ್ಮ ಮೊದ್ಲು," ಎಂದ ಚನ್ನರಾಯಪ್ಪ ಹೆಗಲ ಮೇಲಿನ ಟವಲು ಚಾಚಿ.

"ಅಲ್ಲಿ ಹೋಗಿ ತೊಳ್ಕೊತೀನಿ. ಈ ಕೈ ಹಸು ಒಳಗೆ ಹೋಗಲ್ಲ, ಬಲಗೈ ಸಾಕು." ಟ್ರ್ಯಾಕ್ಟರಿನ ಮೇಲಿಂದ ಅವಳು ಬಗ್ಗಿ ಕದಿರೇಶನಿಗೆ ಮಾತ್ರ ಕೇಳುವಂತೆ ಹೇಳಿದಳು. "ಅಮ್ಮಂಗೆ ಹೇಳ್ಬೇಡಿ. ಹೇಳಿದ್ರೆ ನಾಳೆಯಿಂದ ಈ ಕೆಲ್ಸನೇ ಬಿಡಿಸ್ತಾಳೆ. ನಿಮ್ ತಪ್ಪಿಗೆ ನನ್ ಗಾಡಿ ಹೋಗ್ಬಾರ್ದು."

ಟ್ರ್ಯಾಕ್ಟರು ಹಿಂದಕ್ಕೇ, ಬಂದ ದಾರಿಯಲ್ಲೇ, ಮುಕ್ಕರಿಯುತ್ತ ಏರಿಯಿಂದಿಳಿದು ಹೋಯಿತು. ಇಬ್ಬರೇ ಉಳಿದರು. ಕೆರೆಯಲ್ಲಿ ಕಪ್ಪೆಗಳು ವಟಗುಟ್ಟತೊಡಗಿದವು.

ಗುಡ್ಡದ ಮರೆ ದಾಟಿ ಬಂದಿದ್ದರಿಂದಲೋ ಏನೋ, ಕದಿರೇಶನ ಫೋನಿಗೆ ಜೀವ ಬಂತು. ಬಂದ ಕೂಡಲೇ ರಿಂಗಾಯಿತು. ಅನಸೂಯಮ್ಮ.

"ಎತ್ಬೇಡ," ಎಂದ ಚನ್ನರಾಯಪ್ಪ. "ಇಲ್ಲಾ ಎತ್ತಿ ನೆಟ್‌ವರ್ಕ್ ಇಲ್ಲ ಅನ್ನು. ಹುಡುಗಿ ಬಾಯ್ಬಿಟ್ಟು ಹೇಳಿ ಹೋಗಿದಾಳೆ, ಹೇಳ್ಬೇಡ ಅಂತ. ಮೈಗೇನೂ ಆಗಿಲ್ಲ. ಕೈ ತರಚಿದೆ, ವಾಸಿಯಾಗುತ್ತೆ. ಆ ತಾಯಿ ಹೊಟ್ಟೆಗೆ ಯಾಕಯ್ಯ ಬೆಂಕಿ ಹಾಕ್ತೀಯ?"

ಫೋನು ನಿಂತಿತು. ಮತ್ತೆ ಶುರುವಾಯಿತು. ಸಂಜೆ ಒಮ್ಮೆ ಆಕೆಗೆ ಏನಿಲ್ಲ ಎಂದಿದ್ದ. ಆ ಏನಿಲ್ಲವನ್ನು ನಂಬಿ ಆಕೆ ಧೈರ್ಯವಾಗಿ ಕೂತಿದ್ದಳು. ಕದಿರೇಶ ಫೋನು ಎತ್ತಿದ.

"ಕದಿರೇಶ, ಅವ್ಳ ಫೋನ್ ಹತ್ತುತ್ತಿಲ್ಲ. ನೀನು ಅಂಗ್ಡಿ ತೆಗ್ದಿಟ್ಟು ಎಲ್ಲೋ ಓಡ್ದೆ ಅಂತ ಎಳನೀರಿನೋನು ಹೇಳ್ದ. ಏನಾಗಿದೆ ಹೇಳು."

"ಬಿದ್ಲು ಅಕ್ಕ. ಏರಿ ಮೇಲೆ. ಎದ್ದು ನಡೆದಾಡ್ತಾಳೆ. ಎಡಗೈ ತರಚಿದೆ. ಈಗ ಮುನಿಯಲ್ಲಮ್ಮನ ಮನೇಲಿ ಹಸು ಹತ್ರ ಇದಾಳೆ."

ಆ ಕಡೆ ಟಿವಿಯ ಸದ್ದು ನಿಂತಿತು.

"ಲೈಟ್ ಆರೋಗಿ ಬಿದ್ಲು. ಅವ್ಳ ತಪ್ಪಲ್ಲ, ಗಾಡಿ ತಪ್ಪೂ ಅಲ್ಲ. ಪೂಜೆ ಹೊತ್ತಲ್ಲಿ ನಾನು ಮಾಡಿದ ಅರೆಬರೆ ಕೆಲ್ಸ. ಸಾಯಂಕಾಲ ನಿಮ್ಗೆ ಫೋನ್ ಮಾಡ್ದಾಗ್ಲೇ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಚನ್ನರಾಯಪ್ಪ ಹಣೆಗೆ ಕೈಯಿಟ್ಟುಕೊಂಡು ಏರಿಯ ಅಂಚಿನ ಕಲ್ಲಿನ ಮೇಲೆ ಕೂತ.

"ನಾನ್ ದೀಪ ಉರೀಲೇಬೇಕು ಅಂದೆ," ಎಂದಳು ಅನಸೂಯಮ್ಮ. ದನಿ ಗಡಸಾಗಿತ್ತು.

"ನೀವು ಅಂದ್ರಿ. ಆಗಲ್ಲ ಅನ್ನೋದು ನನ್ ಕೆಲ್ಸ ಆಗಿತ್ತು."

"ಅವ್ಳು ನಂಗೆ ಹೇಳ್ಬೇಡ ಅಂದಿರ್ಬೇಕಲ್ಲ?"

ಕದಿರೇಶ ಜಾಲಿಯೊಳಗಿನ ಗಾಡಿಯ ಕಡೆ ನೋಡಿದ.

"ಅಂದೇ ಇರ್ತಾಳೆ. ನನ್ ಹೊಟ್ಟೇಲಿ ಹುಟ್ಟಿದೋಳು, ನಂಗೊತ್ತಿಲ್ವಾ." ಒಂದು ನಿಟ್ಟುಸಿರು. "ಈಗ ಹೇಳು ನೀನು. ನಾಳೆ ಅವ್ಳು ಆ ಗಾಡಿ ಹತ್ಬೋದಾ, ಬೇಡ್ವಾ?"

ಅವತ್ತು ಗೋಡೆಯ ಮೇಲೆ ಮೊಣಕೈ ಊರಿ ಕೊಟ್ಟಂಥ ಮಾತು ಅವನ ಗಂಟಲ ತನಕ ಬಂತು. ಬಂದದ್ದನ್ನು ನುಂಗಿಕೊಂಡ.

"ಅದನ್ನ ನನ್ನ ಕೇಳ್ಬೇಡಿ ಅಕ್ಕ. ನಾನು ಹತ್ತು ಅಂದೆ ಅಂತ ಹತ್ಸಬೇಡಿ, ನಾನು ಕೆಡಿಸ್ದೆ ಅಂತ ಇಳಿಸ್ಬೇಡಿ. ಓಡಿಸೋಳು ಅವ್ಳು. ಅವ್ಳನ್ನ ಕೇಳಿ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಆಟೋ ಹಿಡ್ಕೊಂಡು ಬರ್ತೀನಿ," ಎಂದಳು ಕೊನೆಗೆ. "ಅವ್ಳಿಗೆ ಬೇರೆ ಬಟ್ಟೆ ತರ್ತೀನಿ. ಊಟನೂ ಮಾಡಿರಲ್ಲ. ನೀನು ಅಲ್ಲೇ ಅವ್ಳ ಹತ್ರ ಇರು. ಬಂದು ನಿನ್ಗೆ ಬೈಯೋದಿದೆ ನಂಗೆ."

"ಇರ್ತೀನಿ ಅಕ್ಕ."

ಇಬ್ಬರೂ ಸೇರಿ ಹೊಸ ಗಾಡಿಯನ್ನು ಜಾಲಿಯಿಂದ ಎಳೆದರು. ಮುಳ್ಳು ಕೈಗೆಲ್ಲ ಗೀರಿತು. ಒಂದು ಬದಿಯ ಕನ್ನಡಿ ಹೋಗಿತ್ತು, ಕಂಬಿ ಸೊಟ್ಟಗಾಗಿತ್ತು, ಚಕ್ರ ತಿರುಗುತ್ತಿತ್ತು. ಕದಿರೇಶ ಸೀಟಿನ ಕೆಳಗೆ ಕೈ ಹಾಕಲಿಲ್ಲ. ಒಂದು ಫ್ಯೂಸು ಬದಲಿಸಿದರೆ ಎಂಜಿನ್ನು ಬರುತ್ತಿತ್ತು, ಅದು ಅವನಿಗೆ ಗೊತ್ತಿತ್ತು. ಅವಳಿಲ್ಲದಾಗ ಅವಳ ಗಾಡಿಯನ್ನು ಮತ್ತೆ ಮುಟ್ಟಲು ಮನಸ್ಸಾಗಲಿಲ್ಲ. ತನ್ನ ಗಾಡಿಯನ್ನು ಅಲ್ಲೇ ಬೀಗ ಹಾಕಿ ನಿಲ್ಲಿಸಿ, ಅವಳದನ್ನು ತಳ್ಳಿಕೊಂಡು ಹೊರಟ.

ಚನ್ನರಾಯಪ್ಪ ಫೋನಿನ ಟಾರ್ಚು ಹಿಡಿದು ಮುಂದೆ ನಡೆದ. "ಎಡಕ್ಕೆ ಬಾ. ಅಲ್ಲಿ ಗುಂಡಿ. ಹಾಂ, ನಿಧಾನ." ಸ್ವಲ್ಪ ದೂರ ಹೋಗಿ, ತಿರುಗಿ ನೋಡದೆಯೇ ಕೇಳಿದ. "ಅನಸೂಯಮ್ಮ ನಂಗೂ ಬೈತಾಳಾ?"

"ನಿಮ್ಗೇ ಮೊದ್ಲು."

"ಬೈಲಿ ಬಿಡು," ಎಂದ ಚನ್ನರಾಯಪ್ಪ.

ಏರಿ ಮುಗಿಯುವಲ್ಲಿ ಊರಿನ ಮೊದಲ ಮನೆಯ ಬಲ್ಬು ಕಾಣಿಸಿತು. ಹಸುವಿನ ಕೂಗು ಆಗಲೇ ನಿಂತಿತ್ತು. ಯಾಕೆ ನಿಂತಿತು ಎಂದು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕದಿರೇಶ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಹೆಜ್ಜೆ ಜೋರು ಮಾಡಿದ. ಹತ್ತಿರವಾದಂತೆ ಹಟ್ಟಿಯೊಳಗಿನಿಂದ ಮೌನಿಕಾಳ ದನಿ ಕೇಳಿಸಿತು. ಯಾರಿಗೋ ಗದರಿಸುತ್ತಿದ್ದಳು: "ಮೂಗು ಒರೆಸಿ ಅಂದ್ನಲ್ಲ, ಬಾಲ ಅಲ್ಲ. ಉಸ್ರಾಡ್ಲಿ ಕರು. ಬಲ್ಬ್ ಇತ್ಲಾಗ್ ಹಿಡೀರಿ, ನಂಗೆ ಕಾಣ್ಬೇಕು."